ಗುರುಪೀಠದ ಪ್ರಶ್ನೆ: ಸಾರ್ವಜನಿಕ ಶಾಲೆಗಳ ಚರಿತ್ರೆಯ ಒಂದು ಮರೆತ ಪುಟ

ಬೆಳಗಿನ ಒಂಬತ್ತರ ಸುಮಾರಿಗೆ ಯಲಹಂಕದ ಹಳೆಯ ಪೇಟೆಯ ಬೀದಿಗಳಲ್ಲಿ ನಡೆದುಹೋಗುವವರಿಗೆ ಸಮವಸ್ತ್ರ ಧರಿಸಿ ಸರ್ಕಾರಿ ಶಾಲೆಯತ್ತ ಸಾಗುವ ಮಕ್ಕಳ ಸಾಲು ಕಣ್ಣಿಗೆ ಬೀಳುತ್ತದೆ. ಹೆಬ್ಬಾಳ, ಯಶವಂತಪುರಗಳ ಕಡೆಯೂ ಇದೇ ನೋಟ. ಈ ಮಕ್ಕಳಲ್ಲಿ ಅನೇಕರು ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದು ನೆಲೆಸಿದ ಕುಟುಂಬಗಳವರು. ಇಂತಹ ಮಕ್ಕಳಿಗೆ ಶಾಲೆಯ ಬಾಗಿಲು ತೆರೆದ ಕಥೆಯನ್ನು ನಮ್ಮ ಪಠ್ಯಪುಸ್ತಕಗಳು ಹೇಳುತ್ತವೆ. ಸಭೆಗಳಲ್ಲಿ ನಾವೂ ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆದರೆ ಆ ಮಕ್ಕಳೆದುರಿಗೆ, ಕಪ್ಪುಹಲಗೆಯ ಪಕ್ಕದಲ್ಲಿ ನಿಲ್ಲುವ ಅಧಿಕಾರ ಯಾರಿಗೆ, ಯಾವಾಗ, ಎಷ್ಟು ಕಷ್ಟದಿಂದ ದೊರೆಯಿತೆಂಬುದನ್ನು ಕೇಳಿದವರು ಕಡಮೆ. ಮಗುವಿಗೆ ಶಾಲೆಯಲ್ಲಿ ಸ್ಥಾನ ದೊರೆಯುವುದು ಒಂದು ಮಾತು. ಆ ಮಗುವಿನ ಕೇರಿಯವರೊಬ್ಬರು ಗುರುವಾಗಿ ಅದೇ ಶಾಲೆಗೆ ಬರುವುದು ಬೇರೆಯೇ ಮಾತು. ಮೊದಲನೆಯದು ಆದೊಡನೆ ಎರಡನೆಯದೂ ತಾನಾಗಿ ಆಗುತ್ತದೆಂಬ ನಂಬಿಕೆಯನ್ನು ಚರಿತ್ರೆ ಎತ್ತಿಹಿಡಿಯುವುದಿಲ್ಲ.

ಕನ್ನಡ ನಾಡಿನಲ್ಲಿ ಈ ಚರಿತ್ರೆ ಧಾರವಾಡದಿಂದ ಆರಂಭವಾಗುತ್ತದೆ. 1856ರ ಜೂನ್ ತಿಂಗಳಲ್ಲಿ, ಅಸ್ಪೃಶ್ಯರೆಂದು ಎಣಿಸಲ್ಪಟ್ಟ ಮಹಾರ್ ಸಮುದಾಯದ ಬಾಲಕನೊಬ್ಬನು ಅಲ್ಲಿಯ ಸರ್ಕಾರಿ ಶಾಲೆಗೆ ಸೇರಬಯಸಿದನು. ಅವನಿಗೆ ಪ್ರವೇಶ ನಿರಾಕರಿಸಲಾಯಿತು. ಅವನು ಸುಮ್ಮನಾಗದೆ ಮುಂಬಯಿ ಸರ್ಕಾರಕ್ಕೇ ಅರ್ಜಿ ಬರೆದನು. ಅರ್ಜಿಯಲ್ಲಿ ನ್ಯಾಯವಿದೆಯೆಂದು ಸರ್ಕಾರವೇ ಬಲ್ಲದಾಗಿತ್ತು; ಆದರೂ ಒಬ್ಬನನ್ನು ಸೇರಿಸಿಕೊಂಡರೆ ಉಳಿದವರೆಲ್ಲರೂ ಶಾಲೆ ಬಿಟ್ಟುಹೋಗುವರೆಂಬ ಕಾರಣ ಮುಂದೊಡ್ಡಿ ಕೈತೊಳೆದುಕೊಂಡಿತು. ವಿಷಯ ಇಂಗ್ಲೆಂಡಿನವರೆಗೂ ಹೋಗಿ, 1858ರಲ್ಲಿ, ಸರ್ಕಾರವೇ ಪೂರ್ಣ ವೆಚ್ಚ ಭರಿಸುವ ಶಾಲೆಗಳು ಸಕಲ ವರ್ಗದ ಪ್ರಜೆಗಳಿಗೂ ತೆರೆದಿರತಕ್ಕದ್ದೆಂಬ ನೀತಿ ಪ್ರಕಟವಾಯಿತು. ಹೆಸರು ಉಳಿಯದ ಆ ಬಾಲಕನಿಗೆ ನಾಡು ಋಣಿಯಾಗಿದೆ. ಆದರೆ ಆ ನೀತಿ ಮಾತನಾಡಿದ್ದು ವಿದ್ಯಾರ್ಥಿಯ ವಿಷಯವಾಗಿ ಮಾತ್ರ. ಬಾಗಿಲಲ್ಲಿ ನಿಂತ ಮಗುವನ್ನು ಒಳಗೆ ಕರೆಯಬೇಕಾದ ಅಧ್ಯಾಪಕನು ಯಾರಾಗಿರಬೇಕೆಂಬ ಬಗ್ಗೆ ಅದು ಮೌನ ವಹಿಸಿತ್ತು.

ಆ ಮೌನವನ್ನು ಮುರಿದವರು ಜೋತಿಬಾ ಫುಲೆಯವರು. 1882ರಲ್ಲಿ ಹಂಟರ್ ಶಿಕ್ಷಣ ಆಯೋಗಕ್ಕೆ ಸಲ್ಲಿಸಿದ ನಿವೇದನೆಯಲ್ಲಿ ಅವರು, ಪ್ರಾಥಮಿಕ ಶಾಲೆಗಳ ಅಧ್ಯಾಪಕರು ಬಹುತೇಕ ಒಂದೇ ಜಾತಿಯವರಾಗಿದ್ದಾರೆಂದೂ, ಒಕ್ಕಲು ಮಕ್ಕಳ ನಡುವೆ ಅವರು ಬೆರೆಯಲಾರರೆಂದೂ ಸ್ಪಷ್ಟವಾಗಿ ನುಡಿದರು. ಸಾಧ್ಯವಾದಷ್ಟು ಮಟ್ಟಿಗೆ ರೈತಾಪಿ ವರ್ಗಗಳಿಂದಲೇ ಅಧ್ಯಾಪಕರನ್ನು ಆರಿಸಿ ತರಬೇತುಗೊಳಿಸಬೇಕು. ಅಗತ್ಯ ಬಿದ್ದರೆ ನೇಗಿಲ ಮೇಣಿ ಹಿಡಿಯಲು, ಬಡಗಿಯ ಬಾಚಿ ಹಿಡಿಯಲು ನಾಚದವರು ಶಾಲೆಗೆ ಬೇಕೆಂಬುದು ಅವರ ವಾದ. ಆ ಕಾಲದಲ್ಲಿ ಧಾರವಾಡ, ಬೆಳಗಾವಿ, ವಿಜಾಪುರಗಳು ಮುಂಬಯಿ ಪ್ರಾಂತಕ್ಕೇ ಸೇರಿದ್ದುದರಿಂದ ಈ ಮಾತು ನಮ್ಮವರಿಗೂ ಅನ್ವಯಿಸುತ್ತಿತ್ತು.

ನಮ್ಮವರಿಗೆ ಎಂದು ಬರೆದೆನಷ್ಟೆ. ಅದಕ್ಕೆ ಕಾರಣವಿದೆ. ಆ ಭಾಗದ ಶಾಲೆಗಳಲ್ಲಿ ಕನ್ನಡ ಮಕ್ಕಳು ಮರಾಠಿಯಲ್ಲಿ ಕಲಿಯಬೇಕಾಗಿದ್ದ ಕಾಲವೊಂದಿತ್ತು. ಮಗುವಿನ ಮನೆಮಾತನ್ನೇ ಅರಿಯದ ಗುರು, ಗುರುವಿನ ಮಾತನ್ನು ಅರಿಯದ ಮಗು ಎಂಬ ಸ್ಥಿತಿ. ಅದನ್ನು ಸರಿಪಡಿಸಲು ದುಡಿದವರಲ್ಲಿ ಅಗ್ರಗಣ್ಯರು ಡೆಪ್ಯುಟಿ ಚನ್ನಬಸಪ್ಪನವರು (1834–1881). ಧಾರವಾಡದ ನಾರ್ಮಲ್ ಶಾಲೆಯ ಹೊಣೆ ಹೊತ್ತು ಕನ್ನಡ ಶಿಕ್ಷಕರನ್ನು ತಯಾರುಮಾಡಿ, ಮುಂದೆ ಡೆಪ್ಯುಟಿ ವಿದ್ಯಾಧಿಕಾರಿಗಳಾಗಿ ಹಳ್ಳಿಹಳ್ಳಿಗೆ ಕನ್ನಡ ಶಾಲೆಗಳನ್ನು ಒಯ್ದರು. ಶಾಲೆ ತೆರೆದರೆ ಸಾಲದು, ಶಿಕ್ಷಕನನ್ನು ಸಿದ್ಧಗೊಳಿಸಬೇಕೆಂಬ ಮರ್ಮ ಅವರಿಗೆ ತಿಳಿದಿತ್ತು. 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಹುಟ್ಟಿತು. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿ, ಮುಂದೆ ಸಪ್ತರ್ಷಿಗಳೆಂದು ಖ್ಯಾತರಾದ ಏಳು ಮಂದಿ ತರುಣ ವಿದ್ಯಾವಂತರು ಹೆಚ್ಚಿನ ಸಂಬಳದ ಹಾದಿ ಬಿಟ್ಟು ತಾವೇ ಅಧ್ಯಾಪಕರಾಗಿ ನಿಂತರು. ನಮ್ಮ ಮಕ್ಕಳಿಗೆ ನಮ್ಮವರಲ್ಲಿ ಗುರುಗಳಿಲ್ಲವಲ್ಲ ಎಂಬ ಕೊರಗು ಆ ಹಿರಿಯರ ಸಾಹಸದ ಹಿಂದೆ ಇತ್ತೆಂಬುದನ್ನು ಮಠದ ಹಳೆಯ ವಿದ್ಯಾರ್ಥಿಗಳಾದ ನಾವು ಮರೆಯಲಾಗದು.

ಮೈಸೂರು ಸಂಸ್ಥಾನದಲ್ಲಿ ಇದೇ ಕೊರಗು ರಾಜಕೀಯ ರೂಪ ತಾಳಿತು. ಜಾತಿಯ ಕಾರಣದಿಂದ ಯಾವ ಮಗುವಿಗೂ ಸರ್ಕಾರಿ ಶಾಲೆಯಲ್ಲಿ ಪ್ರವೇಶ ನಿರಾಕರಿಸಬಾರದೆಂದು 1915ರಲ್ಲಿ ಆಜ್ಞೆಯಾದಾಗ ಶೃಂಗೇರಿಯೂ ಸೇರಿದಂತೆ ಕೆಲವೆಡೆ ವಿರೋಧ ಎದ್ದಿತು, ಸರ್ಕಾರ ಹಿಂಜರಿಯಲಿಲ್ಲ. 1917ರಲ್ಲಿ ಪ್ರಜಾಮಿತ್ರ ಮಂಡಲಿ ಸ್ಥಾಪನೆಯಾಯಿತು. ಲಿಂಗಾಯತ, ಒಕ್ಕಲಿಗ, ಮುಸಲ್ಮಾನ ಮುಖಂಡರು ಒಂದಾಗಿ, ಸರ್ಕಾರಿ ಹುದ್ದೆಗಳು ಒಂದೇ ವರ್ಗದ ಕೈಯಲ್ಲಿರುವುದನ್ನು ನಾಲ್ವಡಿ ಕೃಷ್ಣರಾಜ ಒಡೆಯರ ಗಮನಕ್ಕೆ ತಂದರು. ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ 1918ರಲ್ಲಿ ಸಮಿತಿ ನೇಮಕವಾಯಿತು. ದಕ್ಷತೆಗೆ ಕುಂದು ಬರುವುದೆಂದು ಭಾವಿಸಿದ ದಿವಾನ್ ವಿಶ್ವೇಶ್ವರಯ್ಯನವರು ಅದೇ ವರ್ಷದ ಕೊನೆಯಲ್ಲಿ ಅಧಿಕಾರ ತ್ಯಜಿಸಿದರು. ಅವರ ಪ್ರಾಮಾಣಿಕತೆಯನ್ನು ಶಂಕಿಸುವವರಾರೂ ಇಲ್ಲ. ಆದರೆ ಸಮಿತಿ ಕೊಟ್ಟ ಉತ್ತರ ಇಂದಿಗೂ ಓದತಕ್ಕುದಾಗಿದೆ: ದಕ್ಷತೆಯನ್ನು ಕೇವಲ ಪರೀಕ್ಷೆಯ ಅಂಕಗಳಿಂದ ಅಳೆಯಲಾಗದು; ಸಹಾನುಭೂತಿ, ಪ್ರಾಮಾಣಿಕತೆ, ಚೈತನ್ಯ, ಲೋಕಜ್ಞಾನಗಳೂ ಆಡಳಿತಕ್ಕೆ ಅಷ್ಟೇ ಬೇಕು ಎಂಬುದು ಅದರ ತಾತ್ಪರ್ಯ. ಈ ಮಾತು ಇತರ ಇಲಾಖೆಗಳಿಗಿಂತ ಶಾಲಾ ಉಪಾಧ್ಯಾಯರಿಗೆ ಹೆಚ್ಚು ಒಪ್ಪುತ್ತದೆಂದು ನನ್ನ ಭಾವನೆ. 1921ರಲ್ಲಿ, ಕಾಂತರಾಜ ಅರಸರು ದಿವಾನರಾಗಿದ್ದಾಗ, ಶಿಫಾರಸುಗಳ ಆಧಾರದ ಮೇಲೆ ಆಜ್ಞೆ ಹೊರಟಿತು. ಅಂದು ಹಿಂದುಳಿದವರೆಂದು ಎಣಿಸಲ್ಪಟ್ಟವರಲ್ಲಿ ಲಿಂಗಾಯತರೂ ಇದ್ದರು.

ಇಲ್ಲಿ ಸ್ವಲ್ಪ ಹೊರನಾಡಿನತ್ತ ನೋಡಬೇಕು. ಬಾಗಿಲು ತೆರೆದರೂ ಗುರುಪೀಠ ಕೈತಪ್ಪಬಹುದೆಂಬುದಕ್ಕೆ ಅಮೆರಿಕದಷ್ಟು ಕಠೋರ ನಿದರ್ಶನ ಬೇರೆಡೆ ದೊರೆಯುವುದು ಕಷ್ಟ. ಅಲ್ಲಿಯ ದಕ್ಷಿಣ ಸಂಸ್ಥಾನಗಳಲ್ಲಿ ಬಿಳಿಯ ಮಕ್ಕಳಿಗೊಂದು ಶಾಲೆ, ಕರಿಯ ಮಕ್ಕಳಿಗೊಂದು ಶಾಲೆ ಎಂಬ ವ್ಯವಸ್ಥೆಯಿತ್ತು. 1954ರ ಮೇ 17ರಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಈ ಪ್ರತ್ಯೇಕತೆಯನ್ನು ಅಸಂವಿಧಾನಿಕವೆಂದು ಸಾರಿತು. ಲೋಕವೆಲ್ಲ ಅದನ್ನು ಕೊಂಡಾಡಿತು, ಕೊಂಡಾಡತಕ್ಕುದೇ. ಆದರೆ ಮುಂದೇನಾಯಿತು? ಮಕ್ಕಳನ್ನು ಒಂದುಗೂಡಿಸುವ ಹೆಸರಿನಲ್ಲಿ ಮುಚ್ಚಿದ ಶಾಲೆಗಳು ಬಹುಪಾಲು ಕರಿಯರವು. ಅವುಗಳಲ್ಲಿದ್ದ ಅಧ್ಯಾಪಕರನ್ನು ಬಿಳಿಯ ಶಾಲೆಗಳು ಸೇರಿಸಿಕೊಳ್ಳಲಿಲ್ಲ. 1954ರಿಂದ 1965ರ ವರೆಗಿನ ಅವಧಿಯಲ್ಲಿ ಹದಿನೇಳು ಸಂಸ್ಥಾನಗಳಲ್ಲಿ ಸುಮಾರು 38,000 ಕರಿಯ ಅಧ್ಯಾಪಕರೂ ಮುಖ್ಯೋಪಾಧ್ಯಾಯರೂ ಕೆಲಸ ಕಳೆದುಕೊಂಡರೆಂದು ಲೆಕ್ಕ ಹಾಕಲಾಗಿದೆ. ಮಗುವಿಗೆ ಶಾಲೆ ದೊರೆಯಿತು. ಮಗುವಿನ ಗುರುವಿಗೆ ಮನೆಯ ದಾರಿ ತೋರಿಸಲಾಯಿತು. ಆ ನಷ್ಟವೆಷ್ಟೆಂಬುದನ್ನು ವಿದ್ವಾಂಸರು ತೀರ ಇತ್ತೀಚೆಗೆ ಅಳೆಯತೊಡಗಿದ್ದಾರೆ. ಟೆನೆಸಿ ಸಂಸ್ಥಾನದ ಮಕ್ಕಳನ್ನು ಕುರಿತ, 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮೂರನೆಯ ತರಗತಿಯೊಳಗೆ ತಮ್ಮದೇ ಜನಾಂಗದ ಒಬ್ಬ ಅಧ್ಯಾಪಕರ ಬಳಿ ಕಲಿತ ಕರಿಯ ಮಕ್ಕಳು ಮುಂದೆ ಕಾಲೇಜು ಸೇರುವ ಸಂಭವ ಶೇಕಡ 13ರಷ್ಟು ಹೆಚ್ಚೆಂದು ಕಂಡುಕೊಂಡಿತು.

ಸ್ವಾತಂತ್ರ್ಯೋತ್ತರ ಕಾಲದ ನಮ್ಮ ಕಥೆ ಓದುಗರಿಗೆ ಪರಿಚಿತವೇ ಆದುದರಿಂದ ಸಂಕ್ಷೇಪಿಸುತ್ತೇನೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಸಂವಿಧಾನವು ಸರ್ಕಾರಿ ಸೇವೆಯಲ್ಲಿ ಸ್ಥಾನ ಕಾದಿರಿಸಿತು. 1972ರಲ್ಲಿ ದೇವರಾಜ ಅರಸರು ನೇಮಿಸಿದ, ಎಲ್. ಜಿ. ಹಾವನೂರರ ಅಧ್ಯಕ್ಷತೆಯ ಆಯೋಗವು 1975ರಲ್ಲಿ ವರದಿ ಒಪ್ಪಿಸಿತು. ಹಿಂದುಳಿದವರ ಪಟ್ಟಿಯಲ್ಲಿ ಲಿಂಗಾಯತರ ಹೆಸರಿರಲಿಲ್ಲ. ನಮ್ಮಲ್ಲಿ ಅಸಮಾಧಾನದ ಅಲೆಯೇ ಎದ್ದಿತು. ಲಿಂಗಾಯತರಲ್ಲಿಯೂ ಬಡವರಿಲ್ಲವೇ ಎಂಬ ಪ್ರಶ್ನೆ ನಿರಾಧಾರವೂ ಆಗಿರಲಿಲ್ಲ. ಮುಂದೆ ಪ್ರವರ್ಗ 3ಬಿಯಲ್ಲಿ ಸ್ಥಾನ ದೊರೆಯಿತು. ಆದರೆ 1918ರಲ್ಲಿ ಕದ ತಟ್ಟುತ್ತಿದ್ದವರು 1975ರ ಹೊತ್ತಿಗೆ ಕದದ ಒಳಗಿದ್ದರು. ಒಳಗೆ ಬಂದವರಿಗೆ ಹೊರಗಿನ ಸದ್ದು ಕೇಳಿಸುವುದು ಕಡಮೆ.

ಇದನ್ನು ಪುಸ್ತಕದಿಂದ ಎತ್ತಿ ಹೇಳುತ್ತಿಲ್ಲ. ನಾನು ಮಾಧ್ಯಮಿಕ ಶಾಲೆಯಲ್ಲಿದ್ದಾಗ, ಯಲಹಂಕದ ಉತ್ತರಕ್ಕಿರುವ ನಮ್ಮ ಹಳ್ಳಿಗೆ ಪರಿಶಿಷ್ಟ ಜಾತಿಯ ಉಪಾಧ್ಯಾಯರೊಬ್ಬರು ವರ್ಗವಾಗಿ ಬಂದರು. ಲೆಕ್ಕ ಹೇಳಿಕೊಡುವುದರಲ್ಲಿ ಅವರಿಗೆ ಸರಿಸಾಟಿಯಾದವರನ್ನು ಮುಂದೆ ಕಾಲೇಜಿನಲ್ಲಿಯೂ ನಾನು ಕಾಣಲಿಲ್ಲ. ಊರಿಗೆ ಬಂದವರು ಬಾಡಿಗೆಗೆ ಮನೆ ಹುಡುಕಿದರು. ನಮ್ಮ ಮನೆಯ ಹಿಂದಿನ ಎರಡು ಅಂಕಣದ ಕೋಣೆ ಖಾಲಿಯಿತ್ತು. ಅದಕ್ಕೂ ಮೊದಲಿದ್ದ ಮೇಷ್ಟ್ರು ಅಲ್ಲಿಯೇ ಇದ್ದರು. ತಂದೆಯವರು ಇಲ್ಲವೆಂದು ಕಟುವಾಗಿ ಹೇಳಲಿಲ್ಲ. ರಾಗಿ ತುಂಬಿಸಬೇಕಾಗಿದೆ ಮೇಷ್ಟ್ರೇ, ಸುಗ್ಗಿ ಕಳೆಯಲಿ ಎಂದರು. ತಂದೆಯವರು ನಿತ್ಯವೂ ಲಿಂಗಪೂಜೆ ಮಾಡಿ ವಚನಗಳನ್ನು ಬಾಯಿತುಂಬ ಹೇಳುತ್ತಿದ್ದವರು. ಸುಗ್ಗಿ ಕಳೆಯಿತು, ಮೇಷ್ಟ್ರು ಮತ್ತೆ ಕೇಳಲಿಲ್ಲ. ಮೂರು ವರ್ಷ ಮಳೆ ಬಿಸಿಲೆನ್ನದೆ ಯಲಹಂಕದಿಂದ ಸೈಕಲ್ ತುಳಿದುಕೊಂಡು ಬಂದರು. ಶಾಲೆಯಲ್ಲಿ ಅವರಿಗಾಗಿ ಬೇರೊಂದು ಲೋಟವಿತ್ತು. ಅದನ್ನು ಯಾರು ತಂದಿಟ್ಟರೋ ನಮಗೆ ತಿಳಿಯದು. ತೆಗೆದವರಂತೂ ಯಾರೂ ಇಲ್ಲ. ಹುದ್ದೆಯನ್ನು ಸರ್ಕಾರ ಕೊಟ್ಟಿತ್ತು, ಊರು ಕೊಟ್ಟಿರಲಿಲ್ಲ.

ಸರ್ಕಾರಿ ಶಾಲೆಗಳಲ್ಲಿ ಇಂದು ಆ ಸ್ಥಿತಿ ಬಹುಮಟ್ಟಿಗೆ ಬದಲಾಗಿದೆ. ನೇಮಕಾತಿಯಲ್ಲಿ ಮೀಸಲಾತಿಯ ಸರದಿ ಇದೆ. ಹಲವು ಸಮುದಾಯಗಳ ಅಧ್ಯಾಪಕರು, ಅದರಲ್ಲಿಯೂ ಅಧ್ಯಾಪಕಿಯರು, ಅಲ್ಲಿ ಕಾಣಸಿಗುತ್ತಾರೆ. 2022ರಲ್ಲಿ ರಾಜ್ಯ ಸರ್ಕಾರವು ಪರಿಶಿಷ್ಟ ಜಾತಿಗಳ ಪಾಲನ್ನು ಶೇಕಡ 15ರಿಂದ 17ಕ್ಕೂ, ಪಂಗಡಗಳ ಪಾಲನ್ನು ಶೇಕಡ 3ರಿಂದ 7ಕ್ಕೂ ಏರಿಸಿತು. ಆದರೆ ಈ ಭಾಗದಲ್ಲಿ ಮಕ್ಕಳು ಹೋಗುತ್ತಿರುವುದು ಎತ್ತ? 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಹೆಬ್ಬಾಳದಿಂದ ಉತ್ತರಕ್ಕೆ ಹೆದ್ದಾರಿಯ ಎರಡೂ ಕಡೆ ಖಾಸಗಿ ಶಾಲೆಗಳು ತಲೆಯೆತ್ತಿದವು. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಇಂತಹ ಶಾಲೆಗಳ ಆರಂಭದ ತರಗತಿಯಲ್ಲಿ ಶೇಕಡ 25 ಸ್ಥಾನಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಕೊಡಬೇಕೆಂದಿತು. ಕೆಲವು ವರ್ಷಗಳ ಬಳಿಕ, ಸುತ್ತಲಿನಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆ ಕೊಡಬೇಕಾಗಿಲ್ಲವೆಂದು ನಮ್ಮ ರಾಜ್ಯ ನಿಯಮ ತಿದ್ದಿತು. ಅದು ಹಾಗಿರಲಿ. 1858ರ ನೀತಿಯಂತೆಯೇ ಈ ಕಾಯಿದೆಯೂ ಮಗುವನ್ನು ಕುರಿತು ಮಾತನಾಡುತ್ತದೆ. ಅನುದಾನವಿಲ್ಲದ ಶಾಲೆಯ ಕಪ್ಪುಹಲಗೆಯ ಬಳಿ ಯಾರು ನಿಂತಿರಬೇಕೆಂಬ ವಿಷಯದಲ್ಲಿ ಅದೂ ಮೌನಿ.

ಅನುದಾನವಿಲ್ಲದ ಶಾಲೆಗಳ ಸಾಲಿನಲ್ಲಿ ಮಠಮಾನ್ಯಗಳು ನಡೆಸುವ ಶಾಲೆಗಳೂ ಇವೆ. ಅವುಗಳ ಪ್ರಸಾದನಿಲಯಗಳಲ್ಲಿ ಎಲ್ಲ ಜಾತಿಯ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಉಂಡು ಬೆಳೆದಿದ್ದಾರೆ. ಸಿದ್ಧಗಂಗೆಯಂತಹ ಕ್ಷೇತ್ರಗಳು ನಾಡಿಗೇ ಮೇಲ್ಪಂಕ್ತಿ ಹಾಕಿವೆ. ದಾಖಲಾತಿ ಪುಸ್ತಕವನ್ನು ಯಾರು ಬೇಕಾದರೂ ತೆರೆದು ನೋಡಬಹುದು, ನಾಚಬೇಕಾದುದೇನೂ ಇಲ್ಲ. ಅಧ್ಯಾಪಕರ ಹಾಜರಿ ಪುಸ್ತಕವನ್ನೂ ಅದೇ ಧೈರ್ಯದಿಂದ ತೆರೆದಿಡಬಲ್ಲೆವೇ? ನಮ್ಮ ಪ್ರಸಾದನಿಲಯದಲ್ಲಿ ಉಂಡು, ಓದಿ, ಶಿಕ್ಷಕರ ತರಬೇತಿ ಮುಗಿಸಿದ ದಲಿತ ಕೇರಿಯ ಹುಡುಗ ಹುಡುಗಿಯರಲ್ಲಿ ಎಷ್ಟು ಮಂದಿ ನಮ್ಮ ಶಾಲೆಗಳಲ್ಲಿಯೇ ಗುರುಗಳಾಗಿದ್ದಾರೆಂದು ಹಳೆಯ ವಿದ್ಯಾರ್ಥಿಗಳ ಸಂಘವು ಮುಂದಿನ ವಾರ್ಷಿಕ ಸಭೆಗೆ ಮುನ್ನ ಒಂದು ಪಟ್ಟಿ ಮಾಡಲಿ ಎಂದು ಕೋರುತ್ತೇನೆ. ಯಲಹಂಕ ಹೋಬಳಿಯ ಮಟ್ಟಿಗೆ ಆ ಕೆಲಸಕ್ಕೆ ನಾನೇ ಸಿದ್ಧನಿದ್ದೇನೆ. ಆ ಮೇಷ್ಟ್ರು ವರ್ಗವಾಗಿ ಹೋದ ದಿನವೂ ನಮ್ಮ ಮನೆಯ ಹಿಂದಿನ ಕೋಣೆ ಖಾಲಿಯೇ ಇತ್ತು.