ವಕೀಲರ ಮನೆಗೆ ನೇರ ದಾರಿ

ನಮ್ಮ ಬನಹಟ್ಟಿ ಕಡೆ ಯಾರೂ ‘ಲಾಯರ್ ಆಫೀಸಿಗೆ’ ಹೋಗೋದಿಲ್ಲ, ‘ವಕೀಲರ ಮನಿಗೆ’ ಹೋಗ್ತಾರೆ. ಮುಂದಿನ ಕೋಣೆಯೇ ಕಚೇರಿ. ಬೆಂಚಿನ ಮೇಲೆ ಕೂತವರ ಕೈಯಲ್ಲಿ ಒಂದು ಚೀಲ, ಅದರಲ್ಲಿ ಉತಾರ, ನೋಟಿಸು, ಹಳೇ ಖರೀದಿ ಪತ್ರ. ಯಾರ ಚೀಟಿಯೂ ಬೇಕಿಲ್ಲ, ಯಾರ ಶಿಫಾರಸೂ ಬೇಕಿಲ್ಲ. ಬೆಂಗಳೂರಿನಲ್ಲಿರುವ ನಾವಂತೂ ಫೋನಿನಲ್ಲೇ ವಕೀಲರನ್ನು ಹುಡುಕಿ ಸಮಯ ಗೊತ್ತುಮಾಡಿಕೊಳ್ತೀವಿ. ಇದು ಎಷ್ಟು ಸಹಜ ಅನ್ನಿಸುತ್ತೆ ಅಂದರೆ, ಇದಕ್ಕೂ ಒಂದು ಇತಿಹಾಸ ಇದೆ ಅಂತ ಯಾರಿಗೂ ಹೊಳೆಯೋದಿಲ್ಲ.

ಇಂಗ್ಲೆಂಡಿನಲ್ಲಿ ವಕೀಲಿ ಎರಡು ಹೋಳು. ಪಕ್ಷಗಾರನ ಜತೆ ಮಾತಾಡಿ, ಕಾಗದಪತ್ರ ಜೋಡಿಸಿ, ಕೇಸು ಕಟ್ಟುವವನು ಸಾಲಿಸಿಟರ್. ನಿಲುವಂಗಿ ತೊಟ್ಟು ನ್ಯಾಯಾಧೀಶರ ಮುಂದೆ ವಾದ ಮಾಡುವವನು ಬ್ಯಾರಿಸ್ಟರ್. ಪಕ್ಷಗಾರ ನೇರವಾಗಿ ಬ್ಯಾರಿಸ್ಟರನ ಬಾಗಿಲು ತಟ್ಟುವ ಹಾಗಿರಲಿಲ್ಲ, ಸಾಲಿಸಿಟರ್ ಮೂಲಕವೇ ಹೋಗಬೇಕು. ಫ್ಯಾಮಿಲಿ ಡಾಕ್ಟರ್ ಚೀಟಿ ಬರೆದುಕೊಡದೆ ಸ್ಪೆಷಲಿಸ್ಟ್ ನೋಡೋದೇ ಇಲ್ಲ ಅಂದ ಹಾಗೆ. ಈ ಕಟ್ಟಳೆಯನ್ನು ಸಡಿಲಿಸಿ, ಸಾಮಾನ್ಯ ಜನ ನೇರವಾಗಿ ಬ್ಯಾರಿಸ್ಟರನ್ನು ಗೊತ್ತುಮಾಡಿಕೊಳ್ಳಲು ಅಲ್ಲಿ ದಾರಿ ಬಿಟ್ಟದ್ದು 2004ರಲ್ಲಿ. ನಮ್ಮಲ್ಲಿ ಆ ಬಾಗಿಲು ಅದಕ್ಕಿಂತ ಬಹಳ ಮೊದಲೇ ತೆರೆದಿತ್ತು. ಅದೂ ಎಲ್ಲಿ? ನಮ್ಮಂಥ ಹಳ್ಳಿಗಾಡಿನವರು ಬಳಸುತ್ತಿದ್ದ ಬದಿಯಲ್ಲಿ.

ಮೊದಲು ನಮ್ಮ ಸೀಮೆಯ ನಕ್ಷೆ ನೋಡಿ. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು. ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು, ಅದಕ್ಕೆ ಅಂಟಿಕೊಂಡ ಬನಹಟ್ಟಿ ಜಮಖಂಡಿಗೆ. ಇವತ್ತು ಒಂದೇ ನಗರಸಭೆ ಆಗಿರುವ ಜೋಡಿ ಊರು ಆಗ ಇಬ್ಬರು ರಾಜರ ಕೈಯಲ್ಲಿ! ಬೀಳಗಿ ಮಾತ್ರ ಬ್ರಿಟಿಷ್ ಜಿಲ್ಲೆಯಲ್ಲಿ. ಆ ಜಿಲ್ಲೆ ಮೊದಲು ಕಲಾದಗಿ, ಆಮೇಲೆ ವಿಜಾಪುರ. ಸಂಸ್ಥಾನದ ಪ್ರಜೆಗೆ ಸಂಸ್ಥಾನದ್ದೇ ನ್ಯಾಯಾಲಯ. ಬೀಳಗಿಯ ರೈತನ ಅಪೀಲು ಮಾತ್ರ ಜಿಲ್ಲೆ ದಾಟಿದರೆ ನೇರ ಮುಂಬಯಿ ಹೈಕೋರ್ಟಿಗೆ.

1862ರಲ್ಲಿ ಶುರುವಾದ ಆ ಹೈಕೋರ್ಟು ಒಂದೇ ಸೂರಿನಡಿ ಎರಡು ಲೋಕ. ಮುಂಬಯಿ ನಗರದ ದೊಡ್ಡ ಮೊತ್ತದ ದಾವೆಗಳು ನೇರವಾಗಿ ದಾಖಲಾಗುತ್ತಿದ್ದುದು ‘ಓರಿಜಿನಲ್ ಸೈಡ್’ನಲ್ಲಿ. ಅಲ್ಲಿ ಇಂಗ್ಲೆಂಡಿನ ರೂಢಿ: ನಡುವೆ ಸಾಲಿಸಿಟರ್ ಇರಲೇಬೇಕು. ಜಿಲ್ಲೆಗಳಿಂದ ಬರುವ ಅಪೀಲುಗಳು ‘ಅಪೆಲೇಟ್ ಸೈಡ್’ಗೆ. ಅಲ್ಲಿ ಸಾಲಿಸಿಟರ್ ಬೇಕಾಗಿರಲಿಲ್ಲ. ವಕಾಲತ್ತಿಗೆ ಸಹಿ ಹಾಕಿದರೆ ವಕೀಲನೇ ಕಾಗದವನ್ನೂ ನೋಡಿಕೊಳ್ಳುತ್ತಿದ್ದ, ವಾದವನ್ನೂ ಮಾಡುತ್ತಿದ್ದ. ಅಂದರೆ ರಬಕವಿಯ ಸೀರೆ ವ್ಯಾಪಾರಿ ಮುಂಬಯಿಯ ದೊಡ್ಡ ಸಾಹುಕಾರನ ಮೇಲೆ ಅಲ್ಲೇ ದಾವೆ ಹೂಡಿದರೆ ಇಬ್ಬರಿಗೆ ಫೀ. ಬೀಳಗಿಯ ರೈತ ಹೊಲದ ತಂಟೆಗೆ ಅಪೀಲು ಹೋದರೆ ಒಬ್ಬರಿಗೆ. ಹಣ, ಹೆಸರು, ಠೀವಿ ಎಲ್ಲ ಓರಿಜಿನಲ್ ಸೈಡಿನಲ್ಲಿ. ತೆರೆದ ಬಾಗಿಲು ಮಾತ್ರ ಅಪೆಲೇಟ್ ಸೈಡಿನಲ್ಲಿ.

ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಗೊತ್ತಾಗಬೇಕಾದರೆ ಒಬ್ಬ ಬ್ಯಾರಿಸ್ಟರ್ ಕಥೆ ಕೇಳಬೇಕು. ಕೊಲಂಬಿಯಾ ವಿಶ್ವವಿದ್ಯಾಲಯ, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್, ಜೊತೆಗೆ ಗ್ರೇಸ್ ಇನ್‌ನಿಂದ ಬ್ಯಾರಿಸ್ಟರ್ ಪದವಿ. 1923ರಲ್ಲಿ ಬಾಬಾಸಾಹೇಬ ಅಂಬೇಡ್ಕರ್ ಮುಂಬಯಿಯಲ್ಲಿ ವಕೀಲಿ ಶುರುಮಾಡಿದಾಗ ಅವರಷ್ಟು ಓದಿದವರು ಆ ಕೋರ್ಟಿನಲ್ಲಿ ಎಷ್ಟು ಮಂದಿ ಇದ್ದರು? ಸನದಿನ ಶುಲ್ಕ ಕಟ್ಟಲು ಹಣವಿಲ್ಲದೆ ಗೆಳೆಯ ನವಲ್ ಭಾತೇನಾ ನೆರವಾದರು. ಸನದೇನೋ ಸಿಕ್ಕಿತು. ಆದರೆ ಓರಿಜಿನಲ್ ಸೈಡಿನಲ್ಲಿ ಕೆಲಸ ಸಿಗಬೇಕಾದರೆ ಸಾಲಿಸಿಟರ್‌ಗಳು ಬ್ರೀಫ್ ಕೊಡಬೇಕು. ಅಸ್ಪೃಶ್ಯ ಅಂತ ಸಮಾಜ ದೂರ ಇಟ್ಟವನಿಗೆ ಅವರು ಯಾಕೆ ಕೊಡ್ತಾರೆ?

ಇಲ್ಲಿ ಒಂದು ಕ್ಷಣ ನಿಲ್ಲಿ. ಅಂಬೇಡ್ಕರರನ್ನು ತಡೆಯುವ ಯಾವ ಕಾನೂನೂ ಇರಲಿಲ್ಲ. ನಿಯಮದ ಪುಸ್ತಕದಲ್ಲಿ ಜಾತಿಯ ಮಾತೇ ಇಲ್ಲ. ನಡುವೆ ಒಬ್ಬನನ್ನು ನಿಲ್ಲಿಸಿದರೆ ಸಾಕು, ಉಳಿದ ಕೆಲಸ ತಾನೇ ಆಗುತ್ತೆ. ಇವತ್ತಿನ ಆಫೀಸುಗಳಲ್ಲಿ ರೆಫರಲ್ ಮೇಲೆಯೇ ಕೆಲಸ ಸಿಗೋದು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಅವರು ಅಪೆಲೇಟ್ ಸೈಡ್ ಮತ್ತು ಜಿಲ್ಲಾ ನ್ಯಾಯಾಲಯಗಳನ್ನು ನೆಚ್ಚಿಕೊಂಡರು. ಸಂಪಾದನೆ ಸಾಲದೆ ಕೆಲವು ವರ್ಷ ಬಾಟ್ಲಿಬಾಯ್ ಅಕೌಂಟೆನ್ಸಿ ಸಂಸ್ಥೆಯಲ್ಲಿ ಪಾಠ ಮಾಡಿದರು. ಆದರೆ ಆ ತೆರೆದ ಬಾಗಿಲಿನಿಂದಲೇ ಜನ ಬಂದರು. 1926ರಲ್ಲಿ ಪುಣೆಯಲ್ಲಿ ಬ್ರಾಹ್ಮಣೇತರ ಚಳವಳಿಯ ಜೇಧೆ, ಜವಳಕರ್, ಬಾಗಡೆ ಅವರ ಮೇಲಿನ ಮಾನನಷ್ಟದ ಕೇಸಿನಲ್ಲಿ ಅವರ ಪರ ವಾದಿಸಿ ಗೆದ್ದರು. ಅದಕ್ಕೆ ಒಂದು ವರ್ಷ ಮೊದಲು, 1925ರಲ್ಲಿ, ನಮ್ಮ ಪಕ್ಕದ ನಿಪ್ಪಾಣಿಗೂ ಬಂದು ಶೋಷಿತರ ಸಮ್ಮೇಳನದಲ್ಲಿ ಮಾತಾಡಿದ್ದರು. ನೇರವಾಗಿ ಬರಬಲ್ಲ ಪಕ್ಷಗಾರ ಇಲ್ಲದಿದ್ದರೆ ಆ ಬ್ಯಾರಿಸ್ಟರ್ ಪದವಿ ಪೆಟ್ಟಿಗೆಯಲ್ಲೇ ಉಳಿಯುತ್ತಿತ್ತೇನೋ.

ಹಾಗಂತ ಸಾಲಿಸಿಟರ್ ಹೋದರೆ ನಡುವಿನವರೆಲ್ಲ ಹೋದರು ಅಂತಲ್ಲ. ಹೊಸ ಬ್ಯಾರಿಸ್ಟರ್ ಗಾಂಧೀಜಿಗೆ ಮುಂಬಯಿಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಮೊದಲ ಕೇಸು ಬಂದಾಗ ದಲ್ಲಾಳಿಗೆ ಕಮಿಷನ್ ಕೊಡು ಅಂದರು. ಅವರು ಒಪ್ಪಲಿಲ್ಲ. ಆಮೇಲೆ ರಾಜಕೋಟೆಗೆ ಹೋದಾಗ, ಕೇಸು ಕಳಿಸುವ ವಕೀಲರಿಗೆ ಪಾಲು ಕೊಡದೆ ಗತಿ ಇರಲಿಲ್ಲ. ಕೊಟ್ಟರು, ಅದನ್ನು ಆತ್ಮಕಥೆಯಲ್ಲಿ ಮುಚ್ಚಿಡದೆ ಬರೆದರು. ಕೋರ್ಟಿನ ದಲ್ಲಾಳಿಗಳ ಪಟ್ಟಿ ಮಾಡುವ ಅಧಿಕಾರ ಹಳೆಯ 1879ರ ಕಾಯ್ದೆಯಲ್ಲಿತ್ತು. 2023ರ ತಿದ್ದುಪಡಿಯಿಂದ ಆ ಕಾಯ್ದೆ ರದ್ದಾಯಿತು, ಆದರೆ ಆ ಒಂದು ಅಂಶವನ್ನು ವಕೀಲರ ಕಾಯ್ದೆಯೊಳಗೆ ಸೇರಿಸಿಕೊಂಡರು. ದಲ್ಲಾಳಿ ಇನ್ನೂ ಇದ್ದಾನೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ?

ಸ್ವಾತಂತ್ರ್ಯದ ನಂತರ ನಕ್ಷೆಯೂ ಬದಲಾಯಿತು, ವಕೀಲಿಯೂ ಬದಲಾಯಿತು. 1948ರ ಮಾರ್ಚ್ 8ರಂದು ಜಮಖಂಡಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಆಗ ಅಲ್ಲಿ ದಿವಾನರಾಗಿದ್ದವರು ಸಾವಳಗಿಯ ಬಿ.ಡಿ. ಜತ್ತಿ, ಜಮಖಂಡಿಯಲ್ಲೇ ವಕೀಲಿ ಮಾಡಿದ್ದವರು. ವಿಲೀನ ಆದ ಮೇಲೆ ಅವರು ಮತ್ತೆ ಕೆಲಕಾಲ ಕರಿಕೋಟು ತೊಟ್ಟರು. ಮುಖ್ಯಮಂತ್ರಿ, ಉಪರಾಷ್ಟ್ರಪತಿ, ಹಂಗಾಮಿ ರಾಷ್ಟ್ರಪತಿ ಆದದ್ದು ಆಮೇಲೆ. ವಕೀಲರ ಕಾಯ್ದೆ ಬಂದದ್ದು 1961ರಲ್ಲಿ. ವಕೀಲ, ಪ್ಲೀಡರ್, ಬ್ಯಾರಿಸ್ಟರ್ ಅನ್ನುವ ಮೆಟ್ಟಿಲುಗಳನ್ನು ತೆಗೆದು ಎಲ್ಲರೂ ‘ಅಡ್ವೊಕೇಟ್’ ಅಂದಿತು. ಮುಂಬಯಿ, ಕಲ್ಕತ್ತೆಯ ಓರಿಜಿನಲ್ ಸೈಡಿನ ಇಬ್ಬಗೆ ಪದ್ಧತಿಗೆ ಮಾತ್ರ ಇನ್ನಷ್ಟು ಆಯುಷ್ಯ ಇತ್ತು. 1976ರ ತಿದ್ದುಪಡಿ ಅದನ್ನೂ ಮುಗಿಸಿತು.

ಈಗ ಎಲ್ಲ ಬಾಗಿಲೂ ತೆರೆದಿವೆಯಾ? ಪೂರ್ತಿ ಇಲ್ಲ. ‘ಸೀನಿಯರ್ ಅಡ್ವೊಕೇಟ್’ ಬಿರುದು ಪಡೆದವರು ಪಕ್ಷಗಾರನಿಂದ ನೇರವಾಗಿ ಕೇಸು ತೆಗೆದುಕೊಳ್ಳುವ ಹಾಗಿಲ್ಲ, ಜತೆಗೆ ಇನ್ನೊಬ್ಬ ವಕೀಲ ಇರಬೇಕು. ಸುಪ್ರೀಂ ಕೋರ್ಟಿನಲ್ಲಿ ವಕಾಲತ್ತು ಹಾಕಬೇಕಾದವರು ಪರೀಕ್ಷೆ ಪಾಸಾದ ‘ಅಡ್ವೊಕೇಟ್-ಆನ್-ರೆಕಾರ್ಡ್’. ಅವರ ಆಫೀಸು ಕೋರ್ಟಿನಿಂದ 16 ಕಿಲೋಮೀಟರ್ ಒಳಗೇ ಇರಬೇಕು. ಆಲಮಟ್ಟಿ ಹಿನ್ನೀರಿಗೆ ಹೊಲ ಕೊಟ್ಟ ಬೀಳಗಿಯ ರೈತನ ಪರಿಹಾರದ ಕೇಸು ದಿಲ್ಲಿ ಮುಟ್ಟಿದರೆ ನಡುವಿನವರು ಮತ್ತೆ ಹುಟ್ಟಿಕೊಳ್ತಾರೆ: ಊರ ವಕೀಲ, ಹೈಕೋರ್ಟ್ ವಕೀಲ, ರೆಕಾರ್ಡಿನ ವಕೀಲ, ಅವರ ಮೇಲೆ ಸೀನಿಯರ್.

ಈ ವ್ಯವಸ್ಥೆಯ ಪರವಾಗಿಯೂ ಮಾತಿದೆ. ಕಾಗದ ಸರಿಯಾಗಿ ಸಿದ್ಧವಾಗಬೇಕು, ತಪ್ಪಾದರೆ ಹೊಣೆ ಹೊರಲು ಒಬ್ಬ ಬೇಕು, ವಾದ ಮಾಡುವವನ ತಲೆ ತಣ್ಣಗಿರಬೇಕು. ನಡುವಿನವನು ಕೆಲಸ ಮಾಡಿದರೆ ಅವನ ಫೀ ದಂಡವಲ್ಲ. ನನ್ನ ತಕರಾರು ಬರೀ ಬಾಗಿಲು ಕಾಯುವವನ ಬಗ್ಗೆ.

ಹಾಗಾಗಿ ಊರಿನಿಂದ ಅಪ್ಪನೋ ಕಾಕಾನೋ ಫೋನ್ ಮಾಡಿ ‘ಒಬ್ಬ ಏಜೆಂಟ ಇದ್ದಾನ, ಕೇಸು ಗೆಲ್ಲಿಸಿ ಕೊಡ್ತಾನಂತ, ಬಂದ ರೊಕ್ಕದಾಗ ಪಾಲು ಕೊಡಬೇಕಂತ’ ಅಂದರೆ ಮೂರು ಮಾತು ಹೇಳಿ. ಒಂದು, ಗೆದ್ದ ಹಣದಲ್ಲಿ ಪಾಲು ಕೇಳುವುದನ್ನು ವಕೀಲರಿಗೆ ಬಾರ್ ಕೌನ್ಸಿಲ್ ನಿಯಮವೇ ನಿಷೇಧಿಸಿದೆ. ಎರಡು, ಬಾಗಲಕೋಟೆ ಜಿಲ್ಲೆಯ ಹೈಕೋರ್ಟ್ ಅಪೀಲುಗಳು 2008ರಿಂದ ಧಾರವಾಡದಲ್ಲೇ ನಡೆಯುತ್ತವೆ. ಲೋಕಾಪುರ, ಯರಗಟ್ಟಿ ದಾಟಿದರೆ ವಕೀಲರನ್ನು ಮುಖಾಮುಖಿ ಕಾಣಬಹುದು. ಮೂರು, 1987ರ ಕಾನೂನು ಸೇವೆಗಳ ಕಾಯ್ದೆಯಡಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ, ನೆರೆ-ಬರ ಸಂತ್ರಸ್ತರಿಗೆ ಉಚಿತ ವಕೀಲರು ಸಿಗುತ್ತಾರೆ. 2019ರಲ್ಲಿ ಕೃಷ್ಣೆ, ಘಟಪ್ರಭೆ ಉಕ್ಕಿ ಬಂದದ್ದನ್ನು ಕಂಡ ಜಮಖಂಡಿ, ಮುಧೋಳದ ಹಳ್ಳಿಗಳಿಗೆ ಈ ಕೊನೆಯ ಮಾತು ಮುಟ್ಟಲೇಬೇಕು. ತಾಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಬರೆದುಕೊಟ್ಟರಾಯಿತು. ಅದಕ್ಕೆ ಯಾವ ಏಜೆಂಟೂ ಬೇಕಿಲ್ಲ.