ಆ ಮೈಲುಗಳು ಯಾರವು?

ಟಿಕೆಟಿನ ದುಡ್ಡು ಕೊಟ್ಟದ್ದು ಕಚೇರಿ, ಹಾರಿದ್ದು ನೌಕರ. ಆ ಹಾರಾಟಕ್ಕೆ ವಿಮಾನ ಕಂಪನಿ ಕೊಡುವ ಬೋನಸ್ ಮೈಲುಗಳು ಯಾರವು? ಕ್ಷುಲ್ಲಕ ಎನಿಸುವ ಈ ಪ್ರಶ್ನೆಗೆ ಎರಡು ದೇಶಗಳು ಒಂದೇ ವರ್ಷದೊಳಗೆ ತದ್ವಿರುದ್ಧ ಉತ್ತರ ಕೊಟ್ಟವು. ಇತಿಹಾಸದ ವಿದ್ಯಾರ್ಥಿಯಾದ ನನಗೆ ಆ ಅಂತರ ಕುತೂಹಲ ಹುಟ್ಟಿಸಿದೆ.

1981ರ ಮೇ ತಿಂಗಳಲ್ಲಿ ಅಮೆರಿಕನ್ ಏರ್‌ಲೈನ್ಸ್ ತನ್ನ ಮೈಲು ಯೋಜನೆಯನ್ನು ಆರಂಭಿಸಿತು. ಹೆಚ್ಚು ಹಾರಿದವರಿಗೆ ಉಚಿತ ಟಿಕೆಟು. ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು. ಜರ್ಮನಿಯ ಲುಫ್ತಾನ್ಸಾ 1993ರಲ್ಲಿ ತನ್ನ ಯೋಜನೆ ತಂದಿತು. ಪದೇ ಪದೇ ಹಾರುವವರಲ್ಲಿ ಅನೇಕರು ಸ್ವಂತ ದುಡ್ಡಿನಲ್ಲಿ ಹಾರುವವರಲ್ಲ. ದುಡ್ಡು ತೆರುವುದು ಸಂಸ್ಥೆ, ವಿಮಾನ ಆರಿಸುವುದು ನೌಕರ. ಬಹುಮಾನ ಮಾತ್ರ ಆರಿಸುವವನಿಗೆ. ಯೋಜನೆಯ ಜಾಣ್ಮೆಯೂ ತೊಡಕೂ ಇಲ್ಲೇ ಇದೆ.

ಸರ್ಕಾರಿ ಪ್ರಯಾಣದ ಮೈಲುಗಳು ಸರ್ಕಾರದ ಸೊತ್ತು ಎಂಬುದು ಅಮೆರಿಕದಲ್ಲಿ ಮೊದಲಿದ್ದ ನಿಯಮ. ಆದರೆ ಖಾತೆ ಇರುವುದು ವ್ಯಕ್ತಿಯ ಹೆಸರಿನಲ್ಲಿ. ಅದರಲ್ಲಿ ಕಚೇರಿಯದೆಷ್ಟು, ಸ್ವಂತದ್ದೆಷ್ಟು ಎಂದು ಲೆಕ್ಕವಿಡುವುದೇ ತಲೆನೋವಾಯಿತು. ಖಾಸಗಿ ಕಂಪನಿಗಳ ನೌಕರರಂತೂ ಮೈಲುಗಳನ್ನು ತಾವೇ ಇಟ್ಟುಕೊಳ್ಳುತ್ತಿದ್ದರು. ಕೊನೆಗೆ 2001ರ ಡಿಸೆಂಬರ್ 28ರಂದು ಸಹಿಯಾದ ಕಾನೂನು, ಸರ್ಕಾರಕ್ಕೆ ಹೆಚ್ಚುವರಿ ಖರ್ಚಾಗದಿದ್ದರೆ ನೌಕರರೇ ಅವನ್ನು ಬಳಸಿಕೊಳ್ಳಬಹುದು ಎಂದಿತು. ಹಿಂದೆ ಗಳಿಸಿದ ಮೈಲುಗಳಿಗೂ ಅದು ಅನ್ವಯಿಸಿತು.

ಏಳು ತಿಂಗಳು ಕಳೆಯುವಷ್ಟರಲ್ಲಿ ಜರ್ಮನಿಯಲ್ಲಿ ಇದೇ ವಿಷಯ ಹಗರಣವಾಯಿತು. ಸಂಸದರಾಗಿ ಗಳಿಸಿದ ಮೈಲುಗಳನ್ನು ಅಧಿಕೃತ ಪ್ರಯಾಣಕ್ಕೇ ಬಳಸಬೇಕೆಂಬ ನಿಯಮ ಅಲ್ಲಿತ್ತು. ಕೆಲವರು ಖಾಸಗಿ ಪ್ರಯಾಣಕ್ಕೆ ಬಳಸಿದ್ದನ್ನು 'ಬಿಲ್ಡ್' ಪತ್ರಿಕೆ ಬಯಲು ಮಾಡಿತು. 2002ರ ಜುಲೈ ಕೊನೆಯಲ್ಲಿ ಗ್ರೆಗೋರ್ ಗೀಸಿ ಬರ್ಲಿನ್‌ನ ಆರ್ಥಿಕ ಖಾತೆಯ ಸಚಿವ ಸ್ಥಾನ ಬಿಟ್ಟರು. ಗ್ರೀನ್ ಪಕ್ಷದ ಜೆಮ್ ಓಜ್ಡೆಮಿರ್ ಕೂಡ ಹಿಂದೆ ಸರಿದರು; ಅವರ ಮೇಲೆ ಪ್ರಚಾರ ಸಲಹೆಗಾರನೊಬ್ಬನಿಂದ ಸಾಲ ಪಡೆದ ಆರೋಪವೂ ಇತ್ತು. ಅವರ ರಾಜಕೀಯ ಅಲ್ಲಿಗೇ ಮುಗಿಯಲಿಲ್ಲ. 2021ರಲ್ಲಿ ಅವರು ಕೇಂದ್ರ ಕೃಷಿ ಸಚಿವರಾದರು.

ಹಾಗಾದರೆ ಒಂದು ದೇಶ ಪ್ರಾಮಾಣಿಕ, ಇನ್ನೊಂದು ಸಡಿಲವೇ? ನನಗೆ ಹಾಗನಿಸುವುದಿಲ್ಲ. ಮೈಲು ಬಿಟ್ಟುಕೊಟ್ಟ ಅಮೆರಿಕವೂ ಒಂದು ಗೆರೆ ಉಳಿಸಿಕೊಂಡಿದೆ: ಸ್ವಂತ ಮೈಲಿನ ಆಸೆಗೆ ಇಂಥದೇ ವಿಮಾನ ಬೇಕೆಂದು ನೌಕರ ಆರಿಸುವಂತಿಲ್ಲ. ಭಾರತ ಸರ್ಕಾರದ ನಿಯಮ ಇನ್ನೂ ಬಿಗಿ. ಅಧಿಕೃತ ಪ್ರಯಾಣದ ಮೈಲುಗಳನ್ನು ಇಲಾಖೆಯ ಪ್ರಯಾಣಕ್ಕೇ ಬಳಸಬೇಕು. ಖಾಸಗಿಯಾಗಿ ಬಳಸಿದರೆ ಇಲಾಖಾ ಕ್ರಮ.

ಮನೆ ಬಿಟ್ಟು, ನಿದ್ದೆಗೆಟ್ಟು ಓಡಾಡುವವನಿಗೆ ಒಂದು ಉಚಿತ ಟಿಕೆಟು ಸಿಕ್ಕರೆ ತಪ್ಪೇನು ಎಂಬ ವಾದದಲ್ಲಿ ಹುರುಳಿದೆ. ಸಂಸ್ಥೆ ಅದನ್ನು ಬಹಿರಂಗವಾಗಿ ಒಪ್ಪಿದ್ದರೆ ಅದು ಸಂಬಳದ ಒಂದು ಭಾಗವಿದ್ದಂತೆ. ನಿಯಮ ಬೇಡವೆಂದಿರುವಾಗ ಸದ್ದಿಲ್ಲದೆ ಬಳಸಿದರೆ, ಮೊತ್ತ ಎಷ್ಟೇ ಚಿಕ್ಕದಿರಲಿ, ನಂಬಿಕೆ ಮುರಿಯುತ್ತದೆ. ಆದರೆ ಇದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಮೈಲು ಸಿಗದೇ ಇದ್ದಿದ್ದರೂ ನಾನು ಇದೇ ವಿಮಾನ, ಇದೇ ದರ, ಇದೇ ಪ್ರಯಾಣವನ್ನು ಆರಿಸುತ್ತಿದ್ದೆನೇ? ಅನುದಾನದ ದುಡ್ಡಿನಲ್ಲಿ ವಿಚಾರ ಸಂಕಿರಣಗಳಿಗೆ ಹೋಗುವ ನಮ್ಮಂಥ ಸಂಶೋಧಕರೂ ಟಿಕೆಟು ಕಾದಿರಿಸುವಾಗಲೇ ಇದನ್ನು ಕೇಳಿಕೊಳ್ಳಬೇಕು.