ಪೇಟಿಗೆ ಬಾಗಿಲು ಮುಚ್ಚಿದ ಬಾನುಲಿ

ನಮ್ಮ ನಿಡೋಣಿಯ ಕಡೆಗೆ ಹಾರ್ಮೋನಿಯಮ್ಮಿಗೆ ಆ ಹೆಸರಿಲ್ಲ, ಅದು ಪೇಟಿ. ಭಜನೆಗೆ ಪೇಟಿ, ಸಣ್ಣಾಟಕ್ಕೆ ಪೇಟಿ, ಶ್ರೀಕೃಷ್ಣ ಪಾರಿಜಾತಕ್ಕೆ ಪೇಟಿ, ಪುರಾಣ ಹೇಳುವ ಶಾಸ್ತ್ರಿಗಳ ಮಗ್ಗುಲಲ್ಲಿಯೂ ಒಂದು ಪೇಟಿ. ಪೇಟಿ ಮಾಸ್ತರರು ಬರಲಿಲ್ಲವೆಂದರೆ ಆ ರಾತ್ರಿಯ ಆಟ ನಿಂತಂತೆಯೇ. ಇಂಥ ವಾದ್ಯವು ನಮ್ಮ ದೇಶದ ಬಾನುಲಿಯ ಸ್ಟುಡಿಯೋದೊಳಕ್ಕೆ ೩೧ ವರ್ಷ ಕಾಲಿಡಲಿಲ್ಲವೆಂದು ಹೇಳಿದರೆ ನನ್ನ ತರಗತಿಯ ಹುಡುಗರು ನಂಬುವುದಿಲ್ಲ. ವಾಚಕರಲ್ಲಿಯೂ ಕೆಲವರು ನಂಬಲಿಕ್ಕಿಲ್ಲ. ಆದರೆ ಸಂಗತಿ ನಿಜ. ೧೯೪೦ರ ಮಾರ್ಚ್ ೧ರಂದು ಆಲ್ ಇಂಡಿಯಾ ರೇಡಿಯೋ ತನ್ನ ನಿಲಯಗಳಲ್ಲಿ ಹಾರ್ಮೋನಿಯಮ್ಮನ್ನು ನಿಷೇಧಿಸಿತು.

ಆ ತಾರೀಖನ್ನು ಸ್ವಲ್ಪ ಗಮನಿಸಬೇಕು. ಎರಡನೆಯ ಮಹಾಯುದ್ಧ ಆರಂಭವಾಗಿ ಆಗ ಆರೇ ತಿಂಗಳು. ಅದೇ ಆರು ತಿಂಗಳ ಹಿಂದೆ ಲಂಡನ್ನಿನ ಬಾನುಲಿಯನ್ನು ಹೆಚ್ಚುಕಡಿಮೆ ಒಂಟಿಯಾಗಿ ಹೊತ್ತು ನಿಂತದ್ದು ಯಾವ ವಾದ್ಯವೆಂದು ಬಲ್ಲಿರಾ? ಆರ್ಗನ್ನು, ಪೇಟಿಯ ದಾಯಾದಿ. ಅದೂ ಗಾಳಿಯಿಂದ ನುಡಿಯುವುದು, ಅದಕ್ಕೂ ಬಿಳಿ ಕರಿ ಪಟ್ಟಿಗಳು.

೧೯೩೯ರ ಸೆಪ್ಟೆಂಬರ್ ೩ರ ಬೆಳಿಗ್ಗೆ ೧೧-೧೫ಕ್ಕೆ ಪ್ರಧಾನಿ ಚೇಂಬರ್ಲೇನರು ಯುದ್ಧ ಬಂದಿತೆಂದು ರೇಡಿಯೋದಲ್ಲಿ ಸಾರಿದರು. ಅದಕ್ಕೆ ಎರಡು ದಿನ ಮೊದಲೇ ಬಿ.ಬಿ.ಸಿ.ಯು ತನ್ನ ಬೇರೆ ಬೇರೆ ಪ್ರಸಾರಗಳನ್ನು ಕೂಡಿಸಿ ಒಂದೇ ಒಂದು ಹೋಮ್ ಸರ್ವಿಸ್ ಮಾಡಿತ್ತು. ನಾಟಕ ಮಂದಿರಗಳು, ಸಿನಿಮಾ ಮಂದಿರಗಳು ಮುಚ್ಚಿದವು. ವಿನೋದ ವಿಭಾಗದ ಕಲಾವಿದರನ್ನು ಬಾಂಬಿನ ಭಯದಿಂದ ಬ್ರಿಸ್ಟಲಿಗೆ ಸಾಗಿಸಿದರು. ಸುದ್ದಿ, ಸರ್ಕಾರಿ ಪ್ರಕಟಣೆ, ಗ್ರಾಮೋಫೋನ್ ತಟ್ಟೆ ಇಷ್ಟರ ನಡುವಿನ ತೆರವನ್ನು ತುಂಬಿದವರು ಸ್ಯಾಂಡಿ ಮ್ಯಾಕ್‌ಫರ್ಸನ್ ಎಂಬ ಕೆನಡಾ ದೇಶದ ಆರ್ಗನ್ ವಾದಕರು. ಮೊದಲಿನ ಎರಡು ವಾರಗಳಲ್ಲಿ ಅವರು ೪೦ಕ್ಕೂ ಹೆಚ್ಚು ಸಲ ನುಡಿಸಿದರಂತೆ. ಕೇಳಿ ಕೇಳಿ ಜನರಿಗೆ ಬೇಸರ ಬಂದು ದೂರುಗಳೂ ಹೋದವು. ದೂರು ಹೋದರೂ, ಅಪಾಯದ ಮೊದಲ ದಿನಗಳಲ್ಲಿ ಮನೆಮನೆಯಲ್ಲಿ ಒಂದು ಮನುಷ್ಯ ಕೈ ನುಡಿಸುತ್ತಿದೆ ಎಂಬ ಧೈರ್ಯವನ್ನು ಆ ವಾದ್ಯ ಕೊಟ್ಟಿತೆಂಬುದನ್ನು ಅಲ್ಲಗಳೆಯಲಾಗದು. ಮುಂದೆ ಆ ಆರ್ಗನ್ ಇದ್ದ ಸೇಂಟ್ ಜಾರ್ಜ್ ಹಾಲ್ ಕೂಡ ಬಾಂಬಿಗೆ ಆಹುತಿಯಾಯಿತು.

ಬರಬರುತ್ತ ಅವರ ಬಾನುಲಿಯ ದಿನಚರಿ ತುಂಬಿಕೊಂಡಿತು. ಬೆಳಿಗ್ಗೆ ಪಡಿತರದ ಸಾಮಾನಿನಲ್ಲಿ ಅಡಿಗೆ ಮಾಡುವ ಬಗೆ; ಹಗಲು ಎರಡು ಸಲ, ಅರ್ಧರ್ಧ ತಾಸು, ಕಾರಖಾನೆಯ ಕೆಲಸಗಾರರಿಗಾಗಿಯೇ ಸಂಗೀತ. ಈ ಕೆಲಸದ ಸಂಗೀತ ೧೯೪೦ರ ಜೂನ್ ೨೩ರಂದು ಆರಂಭವಾಯಿತು. ಅದಕ್ಕೊಂದು ಶಾಸ್ತ್ರವೇ ಇತ್ತು: ಗತಿ ಒಂದೇ ಸಮ ಇರಬೇಕು, ಧ್ವನಿ ಏರಿಳಿಯಬಾರದು, ತೂಕಡಿಕೆ ತರುವ ವಿಲಂಬ ಬೇಡ. ಚಪ್ಪಾಳೆ ತಟ್ಟುವ ಒಂದು ಹಾಡನ್ನು ಹಾಕಲೇಬಾರದೆಂದು ಗೊತ್ತುಮಾಡಿದರು. ಕೆಲಸಗಾರರು ತಾಳಕ್ಕೆ ಸರಿಯಾಗಿ ಹತಾರದಿಂದ ಯಂತ್ರಗಳನ್ನೇ ಬಡಿಯುತ್ತಿದ್ದರಂತೆ! ಗುರುವಾರದ ರಾತ್ರಿ ಟಾಮಿ ಹ್ಯಾಂಡ್ಲಿಯವರ ವಿನೋದ. ಒಂಬತ್ತಕ್ಕೆ ಬಿಗ್ ಬೆನ್ ಗಡಿಯಾರದ ಗಂಟೆ, ಆಮೇಲೆ ಸುದ್ದಿ. ೧೯೪೦ರ ಅಕ್ಟೋಬರ್ ೧೫ರ ರಾತ್ರಿ ಬ್ರೂಸ್ ಬೆಲ್‌ಫ್ರೇಜರು ಆ ಸುದ್ದಿಯನ್ನು ಓದುತ್ತಿದ್ದಾಗಲೇ ಬಿ.ಬಿ.ಸಿ. ಕಟ್ಟಡದೊಳಗೆ ಬಾಂಬು ಸಿಡಿದು ಏಳು ಜನ ಸತ್ತರು. ಅವರು ಓದುವುದನ್ನು ನಿಲ್ಲಿಸಲಿಲ್ಲ.

ಅಲ್ಲಿಯೂ ನಿಷೇಧಗಳಿದ್ದವು. ವೆರಾ ಲಿನ್ ಎಂಬ ಗಾಯಕಿಯ ವಿರಹದ ಹಾಡುಗಳು ಸೈನಿಕರ ಎದೆಗಾರಿಕೆಯನ್ನು ಕರಗಿಸುತ್ತವೆಂದು ದೊಡ್ಡವರು ಗೊಣಗಿದರು. ೧೯೪೨ರಲ್ಲಿ ಅತಿ ಭಾವುಕವಾದ ಗಾಯನಕ್ಕೆ ಕಡಿವಾಣ ಹಾಕುವ ನೀತಿಯೇ ಬಂದಿತು. ಆದರೆ ಅದು ಹಾಡುವ ರೀತಿಗೆ ಹಾಕಿದ ಕಡಿವಾಣ. ಒಂದು ವಾದ್ಯವನ್ನೇ ಹೊರಗಟ್ಟಿದ ಕೀರ್ತಿ ನಮ್ಮದು.

ಇನ್ನು ದಿಲ್ಲಿಗೆ ಬರೋಣ. ಬ್ರಿಟನ್ನಿನಲ್ಲಿ ಆಗ ೯೦ ಲಕ್ಷದಷ್ಟು ರೇಡಿಯೋ ಪರವಾನಿಗೆಗಳು. ನಮ್ಮ ಇಡೀ ದೇಶದಲ್ಲಿ ಒಂದು ಲಕ್ಷವೂ ಇರಲಿಲ್ಲ. ಕೇಳುವವರು ಕಡಿಮೆಯಾದರೂ ಕಲಾವಿದರಿಗೆ ಬಾನುಲಿ ದೊಡ್ಡ ಆಸರೆ. ರಾಜಾಶ್ರಯ ಸಡಿಲಾಗುತ್ತಿದ್ದ ಕಾಲವದು. ಆಲ್ ಇಂಡಿಯಾ ರೇಡಿಯೋದ ಮುಖ್ಯಾಧಿಕಾರಿ ಲಯೊನೆಲ್ ಫೀಲ್ಡನ್ ಎಂಬ ಆಂಗ್ಲರು. ಅವರ ಕೈಕೆಳಗೆ ದಿಲ್ಲಿ ನಿಲಯದಲ್ಲಿ ಪಾಶ್ಚಾತ್ಯ ಸಂಗೀತವನ್ನು ನೋಡಿಕೊಳ್ಳುತ್ತಿದ್ದವರು ಜಾನ್ ಫೌಲ್ಡ್ಸ್. ಮೊದಲನೆಯ ಮಹಾಯುದ್ಧದಲ್ಲಿ ಮಡಿದವರ ನೆನಪಿಗಾಗಿ ಮಹಾಕೃತಿಯೊಂದನ್ನು ರಚಿಸಿ ಲಂಡನ್ನಿನಲ್ಲಿ ಹೆಸರಾಗಿದ್ದ ಸಂಗೀತಗಾರರು ಇವರು. ೧೯೩೮ರಲ್ಲಿ ಹಾರ್ಮೋನಿಯಮ್ಮನ್ನು ಖಂಡಿಸಿ ಬಾನುಲಿಯ ಪತ್ರಿಕೆಯಲ್ಲಿ ಲೇಖನ ಬರೆದರು. ಮರುವರ್ಷ ಕಲಕತ್ತೆಯಲ್ಲಿ ತೀರಿಕೊಂಡರು. ನಿಷೇಧವನ್ನು ಕಣ್ಣಾರೆ ನೋಡಲಿಲ್ಲ. ೧೯೪೦ರ ಜನವರಿಯಲ್ಲಿ ಕವೀಂದ್ರ ರವೀಂದ್ರರೂ ಕಲಕತ್ತೆಯ ನಿಲಯಕ್ಕೆ ಪತ್ರ ಬರೆದು ಈ ವಾದ್ಯ ತೊಲಗಲೆಂದೇ ಹೇಳಿದರು. ಆಳುವವರೂ ಆಳಿಸಿಕೊಳ್ಳುವವರೂ ಒಮ್ಮತಕ್ಕೆ ಬಂದ ಸಂಗತಿಗಳು ಆ ಕಾಲದಲ್ಲಿ ಬಹಳವಿಲ್ಲ, ಇದೊಂದು!

ಅವರ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಪೇಟಿಯೊಳಗೆ ಒಂದೊಂದು ಸ್ವರಕ್ಕೆ ಒಂದೊಂದು ಹಿತ್ತಾಳೆಯ ನಾಲಗೆ. ತಿದಿಯ ಗಾಳಿಗೆ ಅದು ತನ್ನ ಒಂದೇ ಸ್ವರವನ್ನು ನುಡಿಯಬಲ್ಲುದು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡು, ಸ್ವರವನ್ನು ತೂಗುವ ಗಮಕ ಅದಕ್ಕೆ ಸಾಧ್ಯವಿಲ್ಲ. ಸಪ್ತಕವನ್ನು ೧೨ ಸಮಪಾಲು ಮಾಡಿ ಶ್ರುತಿಗೂಡಿಸಿದ್ದಾದ್ದರಿಂದ ದರಬಾರಿಯ ಕೋಮಲ ಗಾಂಧಾರವೂ ಬೇರೆ ರಾಗದ ಕೋಮಲ ಗಾಂಧಾರವೂ ಅದರಲ್ಲಿ ಒಂದೇ. ಮೇಲಾಗಿ ಪರದೇಶದ ವಸ್ತು: ೧೮೪೦ರ ಸುಮಾರಿಗೆ ಪ್ಯಾರಿಸಿನಲ್ಲಿ ದೆಬೆನ್ ಎಂಬವನು ರೂಪಿಸಿದ್ದು. ಅದನ್ನು ನೆಲದ ಮೇಲೆ ಕುಳಿತು ಒಂದು ಕೈಯಿಂದ ಗಾಳಿ ಹಾಕಿ ಇನ್ನೊಂದರಿಂದ ನುಡಿಸುವಂತೆ ಮಾಡಿದವರಲ್ಲಿ ಕಲಕತ್ತೆಯ ದ್ವಾರಕಾನಾಥ ಘೋಷರ ಹೆಸರು ಮುಖ್ಯವಾದದ್ದು.

ಆದರೆ ವಾಚಕರೇ, ಪರದೇಶದ್ದೆಂದು ಪೇಟಿಯನ್ನು ಹೊರಗೆ ಹಾಕುವುದಾದರೆ ಪಿಟೀಲನ್ನು ಏನು ಮಾಡಬೇಕು? ಹಾಗೆ ಹೇಳಿದ ಮೈಕೂ ರೇಡಿಯೋವೂ ಯಾವ ದೇಶದ್ದು? ಶ್ರುತಿಯ ಮಾತು ಸರಿ. ಅದು ಕಛೇರಿಯ ಹಾಡಿಗೆ ಸಲ್ಲುವ ಮಾತು. ನಮ್ಮ ಭಜನೆಯ ಪೇಟಿಗೆ ದರಬಾರಿಯ ಗಾಂಧಾರದ ಗೊಡವೆಯಿಲ್ಲ. ಇಪ್ಪತ್ತು ಜನ ಒಕ್ಕಲಿಗರ ಕೊರಳನ್ನು ಒಂದು ಸ್ವರಕ್ಕೆ ಹಿಡಿದು ನಿಲ್ಲಿಸಿದರೆ ಅದರ ಕೆಲಸ ಆಯಿತು. ಈ ಎರಡನ್ನು ಬೇರ್ಪಡಿಸದೆ ಒಂದೇ ಗೆರೆ ಎಳೆದರಲ್ಲ, ಅದು ತಪ್ಪು ಎಂದು ನನ್ನ ಅಭಿಪ್ರಾಯ.

ಮೈಸೂರಿನ ಮಾತು ಬೇರೆಯಾಗಿತ್ತು. ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರ ಸೆಪ್ಟೆಂಬರ್ ೧೦ರಂದು ತಮ್ಮ ಮನೆಯಲ್ಲಿಯೇ ೩೦ ವ್ಯಾಟಿನ ಯಂತ್ರವನ್ನಿಟ್ಟು ಪ್ರಸಾರ ಆರಂಭಿಸಿದ್ದರು. ಆಕಾಶವಾಣಿ ಎಂಬ ಹೆಸರು ಅಲ್ಲಿಯದು. ಇಡೀ ದೇಶ ಅದನ್ನು ಆಮೇಲೆ ಎತ್ತಿಕೊಂಡಿತು. ಯುದ್ಧದ ನಡುವೆ, ೧೯೪೨ರಲ್ಲಿ, ಮೈಸೂರು ಸರ್ಕಾರ ಅದನ್ನು ವಹಿಸಿಕೊಂಡಿತು. ದಿಲ್ಲಿಯ ಆಡಳಿತಕ್ಕೆ ಅದು ಸೇರಿದ್ದು ೧೯೫೦ರ ಏಪ್ರಿಲ್ ೧ರಂದು. ನಮ್ಮ ವಿಜಾಪುರ ಜಿಲ್ಲೆಯಾದರೋ ಮುಂಬಯಿ ಪ್ರಾಂತಕ್ಕೆ ಸೇರಿದ್ದು. ನಮ್ಮವರಿಗೆ ಬಾನುಲಿ ಎಂದರೆ ಮುಂಬಯಿ ನಿಲಯ. ಗಂಗೂಬಾಯಿ ಹಾನಗಲ್ಲರು ಹಾಡಿದ್ದು, ೧೯೪೩ರಲ್ಲಿ ಮುಂಬಯಿಗೆ ಹೋದ ಗದಗಿನ ತರುಣ ಭೀಮಸೇನ ಜೋಶಿಯವರು ಹೊಟ್ಟೆಪಾಡಿಗೆ ಹಾಡಿದ್ದು, ಎಲ್ಲವೂ ಆ ನಿಷೇಧದ ನೆರಳಿನಲ್ಲಿಯೇ. ಪೇಟಿಯ ಜಾಗದಲ್ಲಿ ಸಾರಂಗಿ ಕುಳಿತಿತು. ಸಾರಂಗಿಯವರಿಗೆ ಅನ್ನ ಸಿಕ್ಕಿತೆಂಬುದನ್ನೂ ಹೇಳಬೇಕು; ಆ ವಾದ್ಯ ಆಗಲೇ ಸೊರಗುತ್ತಿತ್ತು.

ಅನ್ನ ತಪ್ಪಿದವರ ಮಾತನ್ನು ಯಾರೂ ಅಷ್ಟಾಗಿ ಎತ್ತಲಿಲ್ಲ. ಬೆಳಗಾವಿಯಲ್ಲಿ ನೆಲೆಸಿ ನೂರಾರು ಶಿಷ್ಯರಿಗೆ ಪೇಟಿ ಕಲಿಸಿದ ಪಂಡಿತ ರಾಮಭಾವು ವಿಜಾಪುರೆಯವರು ಹುಟ್ಟಿದ್ದು ೧೯೧೭ರಲ್ಲಿ, ಕಾಗವಾಡದಲ್ಲಿ. ನಿಷೇಧ ಬಂದಾಗ ಅವರಿಗೆ ೨೩ ವರ್ಷ, ಸಡಿಲವಾದಾಗ ೫೪. ಮಲ್ಲಿಕಾರ್ಜುನ ಮನಸೂರರಂಥವರಿಗೆ ವೇದಿಕೆಯ ಮೇಲೆ ಸಾಥ್ ಕೊಟ್ಟ ಕೈ ಅದು. ಕಲಾವಿದನ ತಾರುಣ್ಯವೆಲ್ಲ ಆ ಲೆಕ್ಕದೊಳಗೆ ಬಂದುಬಿಡುತ್ತದೆ.

ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂದಿತು. ಆಂಗ್ಲರ ಆಜ್ಞೆಗಳು ಎಷ್ಟೋ ಹೋದವು, ಇದು ಹೋಗಲಿಲ್ಲ. ೧೯೫೦ರ ಜನವರಿ ೮ರಂದು ಧಾರವಾಡದಲ್ಲಿ ನಿಲಯ ಆರಂಭವಾಯಿತು. ಪೇಟಿಯ ನಾಡಿನ ನಟ್ಟನಡುವಿನ ನಿಲಯ. ಒಳಗೆ ಮಾತ್ರ ಪೇಟಿ ಇಲ್ಲ. ೧೯೫೨ರಿಂದ ಹತ್ತು ವರ್ಷ ಪ್ರಸಾರ ಮಂತ್ರಿಗಳಾಗಿದ್ದ ಡಾ. ಬಿ. ವಿ. ಕೇಸಕರರು ಶುದ್ಧ ಸಂಗೀತದ ಪಕ್ಷಪಾತಿಗಳು. ಅವರ ಕಾಲದಲ್ಲಿಯೂ ಬಾಗಿಲು ತೆರೆಯಲಿಲ್ಲ. ೧೯೭೦ರಲ್ಲಿ ಈ ವಿಷಯವಾಗಿ ವಿದ್ವಾಂಸರ ಗೋಷ್ಠಿ ನಡೆದು, ೧೯೭೧ರಲ್ಲಿ ಆಜ್ಞೆ ಸಡಿಲವಾಯಿತು. ಆಗಲೂ ಸಾಥಿಗೆ ಮಾತ್ರ, ಮೇಲಿನ ಶ್ರೇಣಿಯ ಕಲಾವಿದರಿಗೆ ಮಾತ್ರ ಅನುಮತಿ; ಒಂಟಿ ವಾದನಕ್ಕೆ ಇನ್ನೂ ಬಹಳ ವರ್ಷ ಕಾಯಬೇಕಾಯಿತು.

ನಾನು ಹುಟ್ಟುವ ಕಾಲದ ಮಾತು ಇದು. ನಮ್ಮ ತಂದೆಯವರ ಬಾಯಿಂದ ಕೇಳಿದ್ದು. ಊರಲ್ಲಿ ಭಜನೆಗೆ ಪೇಟಿ ನುಡಿಸುವ ಹಿರಿಯರೊಬ್ಬರು ಒಂದು ಸಂಜೆ ನಮ್ಮ ಕಟ್ಟೆಯ ಮೇಲೆ ಕುಳಿತು ಧಾರವಾಡದ ಗಾಯನ ಕೇಳುತ್ತಿದ್ದರಂತೆ. ನಡುವೆ ತಟ್ಟನೆ ಕೈ ಎತ್ತಿ, "ತಮ್ಮಾ, ಸ್ವಲ್ಪ ಜೋರ ಮಾಡೊ. ಪೇಟಿ ಐತೇನೋ ಅದರಾಗ?" ಎಂದರಂತೆ. ತಂದೆಯವರು ಗುಂಡಿ ತಿರುಗಿಸಿದರು. ಆ ಹಿರಿಯರು ಹಾಡು ಮುಗಿಯುವವರೆಗೆ ತೊಡೆಯ ಮೇಲೆ ಬೆರಳಾಡಿಸುತ್ತ ಕುಳಿತಿದ್ದರು. ಎಡಗೈ ಮಾತ್ರ ತಿದಿ ಎಳೆಯುವಂತೆ ಸುಮ್ಮನೆ ಹಿಂದೆ ಮುಂದೆ ಹೋಗುತ್ತಿತ್ತಂತೆ.